ಒಂದೇ ರನ್ನಿನ ಶುಕ್ರವಾರ

ನನ್ನ ಗಂಡನಿಗೆ ಬೈಪಾಸ್ ಆಗಿ ಎರಡು ತಿಂಗಳು ಕಳೆದಿತ್ತು. ಗಾಯ ಮಾಯುತ್ತಿತ್ತು; ಮನುಷ್ಯ ಮಾತ್ರ ಮಂಕಾಗಿಯೇ ಇದ್ದರು. ದಿನಾ ಸ್ವಲ್ಪ ನಡೆಯಬೇಕೆಂದು ಡಾಕ್ಟರು ಹೇಳಿದ್ದರೂ ಗಲ್ಫಿನ ಈ ದಾರ್ಸೈಟ್‌ನ ನಮ್ಮ ಫ್ಲ್ಯಾಟ್ ಬಿಟ್ಟು ಹೊರಡಲು ಒಪ್ಪುತ್ತಿರಲಿಲ್ಲ. "ನಾಳೆ ನೋಡುವ" ಎನ್ನುತ್ತಿದ್ದರು. ಕೆಮ್ಮುವಾಗ ಎದೆಗೆ ಒತ್ತಿಕೊಳ್ಳಲು ಆಸ್ಪತ್ರೆಯವರು ಕೊಟ್ಟ ಪುಟ್ಟ ದಿಂಬನ್ನು ಅವುಚಿಕೊಂಡು ಸೋಫಾದಲ್ಲಿ ಕೂತರೆ ಸಂಜೆಯವರೆಗೂ ಅಲ್ಲೇ. ಇಪ್ಪತ್ತು ವರ್ಷ ಇಲ್ಲಿ ಶುಕ್ರವಾರದ ರಜೆಯ ಕ್ರಿಕೆಟ್‌ನಲ್ಲಿ ಬೌಲಿಂಗ್ ಮಾಡಿದವರು. ಈಗ ಟಿವಿಯ ಕ್ರಿಕೆಟ್ಟನ್ನೂ ನಾನು ನಿಲ್ಲಿಸಿದ್ದೆ. ಕೊನೆಯ ಓವರಿನಲ್ಲಿ ಅವರು ಕೂಗುವ ರೀತಿ ನನಗೆ ಗೊತ್ತು.

ಮೇಲಿನ ಮಹಡಿಯಲ್ಲಿ ಜಪಾನಿನ ಎಂಜಿನಿಯರ್ ಒಬ್ಬರಿದ್ದರು. ಲಿಫ್ಟಿನಲ್ಲಿ ಅವರು ಗಂಡನ ಆರೋಗ್ಯ ವಿಚಾರಿಸಿದಾಗ ಈ ಕ್ರಿಕೆಟ್ ನಿಷೇಧದ ಕಥೆ ಹೇಳಿದೆ. ಮರುದಿನ ಶುಕ್ರವಾರ, ಮಧ್ಯಾಹ್ನ ಒಂದಕ್ಕೆ, ಲ್ಯಾಪ್‌ಟಾಪ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಊರಿನ ತಂಡದ ಬೇಸ್‌ಬಾಲ್ ಪಂದ್ಯವಿತ್ತು.

"ನಿಧಾನದ ಆಟ. ಹೃದಯಕ್ಕೆ ಏನೂ ಆಗುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಭರವಸೆ ಕೊಟ್ಟರು.

ಮೊದಲ ಒಂದು ಗಂಟೆ ನಿಜಕ್ಕೂ ಏನೂ ಆಗಲಿಲ್ಲ.

"ಎಂತ ಮಾರಾಯ್ತಿ ಇದು? ಬ್ಯಾಟ್ ಬೀಸ್ತಾರೆ, ವಾಪಸ್ ಹೋಗ್ತಾರೆ. ರನ್ನೇ ಇಲ್ಲ!" ಎಂದರು ನಮ್ಮವರು.

ನಾನು ಇಬ್ಬರಿಗೂ ಗಂಜಿ, ಹೆಸರುಕಾಳಿನ ಪಲ್ಯ ಬಡಿಸಿದೆ. ತಂಡಕ್ಕೆ ಒಂಬತ್ತು ಸರದಿ, ಮೂವರು ಔಟಾದರೆ ಒಂದು ಸರದಿ ಮುಗಿಯಿತು, ಮೂರು ನೆಲೆ ಸುತ್ತಿ 'ಮನೆ'ಗೆ ಮರಳಿದರೆ ಒಂದು ರನ್ನು ಎಂದು ಅತಿಥಿ ವಿವರಿಸಿದರು. ನಮ್ಮವರ ಕಣ್ಣು ಚೆಂಡೆಸೆಯುವವನ ಕೈಯ ಮೇಲಿತ್ತು.

"ಎರಡು ಮೇಲೆ ಹಾಕಿದ. ಈಗ ಕೆಳಗೆ ಹಾಕ್ತಾನೆ ನೋಡು."

ಹಾಗೇ ಆಯಿತು. ನಾನು ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ಅತಿಥಿ ಚಮಚ ಕೆಳಗಿಟ್ಟು ಅವರನ್ನೇ ನೋಡಿದರು. ಆಮೇಲೆ ಪ್ರತಿ ಎಸೆತಕ್ಕೂ ಇಬ್ಬರೂ ಪಂದ್ಯ ಕಟ್ಟಿದಂತೆ ಊಹೆ ಮಾಡತೊಡಗಿದರು.

ಒಂಬತ್ತನೆಯ ಸರದಿಗೂ ಸೊನ್ನೆ–ಸೊನ್ನೆ. ಎದುರಾಳಿಗಳ ಸರದಿ ಮುಗಿದಿತ್ತು; ಅತಿಥಿಯ ತಂಡಕ್ಕೆ ಕೊನೆಯ ಅವಕಾಶ. ನಾಲ್ಕು ಚೆಂಡು ಹದ ತಪ್ಪಿ ಬಂದದ್ದರಿಂದ ಮೊದಲಿನವ ಹೊಡೆಯದೆಯೇ ಒಂದನೇ ನೆಲೆಗೆ ಹೋದ. ಎರಡನೆಯವ ಚೆಂಡಿಗೆ ಬ್ಯಾಟ್ ತಾಗಿಸಿದನಷ್ಟೆ. ಅವನು ಔಟಾದ, ಆದರೆ ಅಷ್ಟರಲ್ಲಿ ಮೊದಲಿನವ ಎರಡನೇ ನೆಲೆ ಮುಟ್ಟಿದ್ದ.

"ಬೇಕಂತಲೇ ಔಟಾದ್ನಾ?" ನಮ್ಮವರು ಅತಿಥಿಯನ್ನು ಕೇಳಿದರು.

"ಹೌದು. ಅವನಿಗೆ ಎಷ್ಟು ಮರ್ಯಾದೆ ನೋಡಿ."

ಔಟಾಗಿ ಬಂದವನ ಕೈಗೆ ಇಡೀ ತಂಡ ಕೈ ತಟ್ಟುತ್ತಿತ್ತು. ನಮ್ಮವರು ಲ್ಯಾಪ್‌ಟಾಪಿನತ್ತ ಬಾಗಿದರು. ಮುಂದಿನವನೂ ಔಟು. ಅದರ ಮುಂದಿನವ ಹೊಡೆದ ಚೆಂಡು ಇಬ್ಬರ ನಡುವೆ ನುಸುಳಿತು. ಎರಡನೇ ನೆಲೆಯವ ಓಡಿ ಓಡಿ, ಮಣ್ಣಿನಲ್ಲಿ ಜಾರಿ ಮನೆ ಮುಟ್ಟಿದ. ಆ ಒಂದೇ ರನ್ನಿಗೆ ಗೆದ್ದು ಪಂದ್ಯವೇ ಮುಗಿಯಿತು.

ಕೂಗಿದ್ದು ನಾನು. ತಿರುಗಿ ನೋಡಿದರೆ ನಮ್ಮವರು ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ!

"ಕೂತ್ಕೊಳ್ಳಿ ಮಾರಾಯ್ರೆ! ಎದೆ ನೋಯ್ತದಾ?"

"ಇಲ್ಲ. ಹಸಿವಾಗ್ತದೆ."

ಅತಿಥಿಯ ಮುಖ ಬಿಳಚಿಕೊಂಡಿತ್ತು. "ಕ್ಷಮಿಸಿ, ಸಾಮಾನ್ಯವಾಗಿ ಹೀಗಿರುವುದಿಲ್ಲ" ಎಂದು ಮೂರು ಸಲ ತಲೆಬಾಗಿದರು. ನಮ್ಮವರ ನಾಡಿ ಹಿಡಿದು ನೋಡಿದೆ. ನನ್ನದಕ್ಕಿಂತ ಅವರದ್ದೇ ಶಾಂತವಾಗಿತ್ತು.

ಆ ಸಂಜೆ ಅವರೇ ಶೂ ಹುಡುಕಿದರು. ರಸ್ತೆ ತುದಿಯ ಅಂಗಡಿಯವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಬೇಕೆಂದೇ ಔಟಾದವನದೇ ಮಾತು.

ಮುಂದಿನ ಶುಕ್ರವಾರ ನಮ್ಮವರು ಲಿಫ್ಟು ಬೇಡವೆಂದು, ನಡುವೆ ಒಮ್ಮೆ ನಿಂತು, ಮೆಟ್ಟಿಲೇರಿ ಅತಿಥಿಯ ಮನೆಗೇ ಹೋದರು. ಅಂದು ಅತಿಥಿಯ ತಂಡ ಹೀನಾಯವಾಗಿ ಸೋತಿತು. ಮರುತಿಂಗಳು ನಮ್ಮವರು ಮತ್ತೆ ಆಫೀಸಿಗೆ ಹೊರಟರು.