ಫೀನಿಕ್ಸಿನಲ್ಲಿ ಪೂರ್ವದ ಬಾಗಿಲು

ನಾರ್ತ್ ಕ್ಯಾರೊಲೈನಾದ ನಮ್ಮ ನೆರೆಮನೆಯ ರಘು ಮತ್ತು ಸುಮಾ ಫೀನಿಕ್ಸಿಗೆ ಬಂದು ನೆಲೆಸಲಿದ್ದಾರೆ. ಮನೆಯ ಚೌಕಾಸಿಗೆಂದು ನನ್ನನ್ನೂ ಕರೆತಂದಿದ್ದಾರೆ. ಊರು ಮರಳುಗಾಡಿನೊಳಕ್ಕೆ ಬೆಳೆಯುತ್ತಲೇ ಇದೆ. ನಾವು ಮನೆ ನೋಡಲು ಬಂದ ಈ ಹೊಸ ಬಡಾವಣೆಯ ಬೇಲಿಯಾಚೆ ಬರೀ ಕಳ್ಳಿಗಿಡ.

ವಾಸ್ತು ಪ್ರಕಾರ ಪೂರ್ವದ ಬಾಗಿಲೇ ಇರಬೇಕೆಂದು ರಘುವಿನ ತಾಯಿ ಮೈಸೂರಿನಿಂದ ಹೇಳಿದ್ದರು. ಅಂಥದ್ದು ಒಂದೇ ಮನೆ ಉಳಿದಿತ್ತು. ಬೆಳಿಗ್ಗೆ ನೋಡಿ ಒಪ್ಪಿದೆವು, ಸಂಜೆ ಸಹಿ ಎಂದಾಯಿತು.

ಮಧ್ಯಾಹ್ನ ಅಂಗಡಿಗೆ ಹೋದಾಗ ನನಗೆ ಅನುಮಾನ ಬಂತು. ಇಲ್ಲಿಯ ಜನ ಉರಿಬಿಸಿಲಿಗೆ ಹೆದರಿ, ಅಂಗಡಿ ಬಾಗಿಲ ಪಕ್ಕದ ಜಾಗ ಬಿಟ್ಟು, ದೂರದ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ನಡೆದು ಬರುತ್ತಾರೆ. ಮನೆ ಕೊಳ್ಳುವವರು ಅದನ್ನು ಬಿಸಿಲೇರಿದ ಕೆಟ್ಟ ಹೊತ್ತಿನಲ್ಲೂ ಒಮ್ಮೆ ನೋಡಬೇಕು. ಇಬ್ಬರನ್ನೂ ಮತ್ತೆ ಆ ಮನೆಗೇ ಎಳೆದುಕೊಂಡು ಹೋದೆ.

ಮುಂಬಾಗಿಲು ನೆರಳಿನಲ್ಲಿತ್ತು. ಹಿಂಬದಿಯ ಅಡುಗೆಮನೆಯ ಗಾಜಿಗೆ ಪಡುವಣ ಬಿಸಿಲು ನೇರವಾಗಿ ಬಡಿಯುತ್ತಿತ್ತು. ಹಿತ್ತಲಿಗೆ ಹೋದ ಸುಮಾ ಒಳಬರಲು ಬಾಗಿಲ ಹಿಡಿಕೆ ಮುಟ್ಟಿ, ಕೈ ಎಳೆದುಕೊಂಡು, ದುಪಟ್ಟಾ ಸುತ್ತಿ ತೆರೆದಳು.

“ಪಕ್ಕದ ರಸ್ತೇಲಿ ನಾರ್ತ್ ಫೇಸಿಂಗ್ ಇದೆಯಲ್ಲಪ್ಪ, ಅದನ್ನ ನೋಡಿ,” ಎಂದೆ.

“ಅಮ್ಮ ಒಪ್ಪಲ್ಲ ಆಂಟಿ. ಇಲ್ಲಿ ದಪ್ಪ ಕರ್ಟನ್ ಹಾಕಿಸ್ತೀನಿ.”

“ನನಗೇನು, ಇದನ್ನೇ ತಗೋ,” ಎಂದಳು ಸುಮಾ. “ಸಾಯಂಕಾಲದ ಅಡುಗೆ ನಿಂದೇ ಅಲ್ವಾ?”

ರಘು ಆ ಗಾಜಿನ ಪಕ್ಕದ ಒಲೆಯ ಮುಂದೆ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದು ಮುಖದ ಬೆವರು ಒರೆಸಿಕೊಂಡ.

“ನಾರ್ತ್ ಮನೇನೇ ನೋಡೋಣ. ಆದ್ರೆ ಆಂಟಿ, ಅಮ್ಮನ ಹತ್ರ ಚೌಕಾಸಿ ನೀವೇ ಮಾಡ್ಬೇಕು.”