ಕಿಡಿ ಕೆಂಪಯ್ಯ

ಏಯ್, ರಸ್ತೆ ಆಚೆಗಿರೋರೇ! ಒಸಿ ಇತ್ಲಾಗ್ ಬನ್ರಪ್ಪೋ! ಸೈಕಲ್ ಸ್ಟ್ಯಾಂಡ್ ಹಾಕಿ, ಟೀ ಲೋಟ ಕೈಲೇ ಇರ್ಲಿ. ಮದ್ದೂರಿನ ಕಿಡಿ ಕೆಂಪಯ್ಯನ ಕತೆ ಇದು, ಎಪ್ಪತ್ತೇಳನೇ ಇಸ್ವಿದು. ನಕ್ಕೊಂಡ್ ಕೇಳೋ ಕತೆ ಅಲ್ಲ, ಮೊದ್ಲೇ ಯೋಳ್ಬುಟ್ಟಿವ್ನಿ.

ಕೆಂಪಯ್ಯ ಗಾಡಿಗಳ ವೈರಿಂಗ್ ಕೆಲಸದವನು. ಮದ್ದೂರಿನಲ್ಲಿ ಬೆಂಗಳೂರು ರಸ್ತೆಗೆ ಮುಖ ಮಾಡಿದ ತಗಡಿನ ಶೆಡ್ಡು ಅವನದು. ಅಲ್ಲಿ ಮೀಟರು ಗೀಟರು ಏನೂ ಇರಲಿಲ್ಲ. ಇಂಜಿನ್ ಓಡುತ್ತಿರುವಾಗಲೇ, ಬ್ಯಾಟರಿಗೆ ಕರೆಂಟು ತುಂಬುವ ಡೈನಮೋದ ವೈರು ಕಿತ್ತು, ಅದರ ತುದಿಯನ್ನು ಇಂಜಿನ್ನಿನ ಕಬ್ಬಿಣಕ್ಕೆ ಚಕ್ಕೆಂದು ತಾಗಿಸುತ್ತಿದ್ದ. ಕಿಡಿ ನೀಲಿಯಾಗಿ ಸಿಡಿದರೆ ಡೈನಮೋ ಸರಿಯಾಗಿದೆ. ಕೆಂಪಗೆ ಸೊರಗಿದರೆ ಬಿಚ್ಚಬೇಕು. ಮಂಡ್ಯದಿಂದ ಮಳವಳ್ಳಿವರೆಗೆ ಲಾರಿಯವರು, ಟ್ಯಾಕ್ಸಿಯವರು ಆ ಕಿಡಿಯನ್ನು ನಂಬಿದ್ದರು. ಹದಿನೆಂಟು ವರ್ಷದಲ್ಲಿ ಅದು ಒಮ್ಮೆಯೂ ಅವನಿಗೆ ಕೈಕೊಟ್ಟಿರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಒಂದು ವಿದೇಶಿ ಕಾರು ಬಂದು ನಿಂತಿತು. ಕಾಂಟ್ರಾಕ್ಟರ್ ಪಾರ್ಥಸಾರಥಿಯವರು ದಿಲ್ಲಿಯ ಹರಾಜಿನಲ್ಲಿ ಹಿಡಿದದ್ದು. ಅದನ್ನು ಓಡಿಸುತ್ತಿದ್ದವನು ಶಿವಪುರದ ನಿಂಗಯ್ಯ, ಕೆಂಪಯ್ಯನ ಓರಗೆಯವನು.

"ಏನ್ಲಾ ನಿಂಗ, ಅರಮನೆಗೇ ಚಕ್ರ ಹಾಕುಸ್ಕೊಂಡ್ ಬಂದ್ಬುಟ್ಟಿದ್ದೀಯಲ್ಲ?"

"ಸುಮ್ಕಿರ್ಲಾ. ಗುಂಡಿ ಒತ್ತುದ್ರೆ ಗಾಜಿಳೀತದೆ, ಗುಂಡಿ ಒತ್ತುದ್ರೆ ಹಾಡು ಬತ್ತದೆ. ನನ್ನೆಡ್ತಿ ಬಾಯ್ಗೂ ಇಂತದೊಂದ್ ಗುಂಡಿ ಇದ್ದಿದ್ರೆ ಬದುಕ್ಕೊತಿದ್ದೆ. ಬೆಳಿಗ್ಗೆ ಸೆಲ್ಫು ಎಳೀನಿಲ್ಲ ಕಣ್ಲಾ, ಒಸಿ ನೋಡು."

ಕೆಂಪಯ್ಯ ಬಾನೆಟ್ ಎತ್ತಿದ. ಡೈನಮೋ ಇರಬೇಕಾದ ಜಾಗದಲ್ಲಿ ಮಡಕೆಯಂತೆ ಗುಂಡಗಿನ ಏನೋ ಇತ್ತು. ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಬಿಚ್ಚೋಣವೆಂದರೆ ಒಂದು ಸ್ಕ್ರೂ ಕೂಡ ಇಲ್ಲ.

"ಇದು ಡೈನಮೋನೇ ಏನ್ಲಾ?" ಎಂದ ನಿಂಗಯ್ಯ.

"ಇನ್ನೇನು? ವಿದೇಸದ್ ಕರೆಂಟ್ಗೇನು ಕೊಂಬಿರ್ತದಾ?"

ಬ್ಯಾಟರಿಯ ಕ್ಲಾಂಪು ಸಡಿಲವಾಗಿತ್ತು, ತಿಕ್ಕಿ ಬಿಗಿದ. ಸೆಲ್ಫ್ ಎಳೆಯಿತು. ಕೆಲಸ ಅಲ್ಲಿಗೇ ಮುಗಿದಿತ್ತು. ಆದರೆ ಕಿಡಿ ನೋಡದೆ ಗಾಡಿ ಕಳಿಸಿದ ಅಭ್ಯಾಸ ಅವನಿಗಿಲ್ಲ. ಇಂಜಿನ್ ಓಡುತ್ತಿರುವಾಗಲೇ ಆ ಗುಂಡನೆಯದರ ವೈರು ಕಿತ್ತು ಕಬ್ಬಿಣಕ್ಕೆ ತಾಗಿಸಿದ. ಎಂದೂ ಕಾಣದಂಥ ಬೆಳ್ಳನೆಯ ಕಿಡಿ ಚಟಾರೆಂದಿತು.

"ನೋಡ್ದಾ! ಆನೆ ಅಂಗೈತೆ ನಿನ್ ಡೈನಮೋ."

ನಿಂಗಯ್ಯ ಸೀಟಿನಲ್ಲಿ ಕೂತು, ಕತ್ತು ಹೊರಹಾಕಿ ಕೂಗಿದ. "ಕೆಂಪ, ಇಲ್ನೋಡು. ಈ ಕೆಂಪು ದೀಪ ಮಿಣಮಿಣ ಅಂತೈತೆ. ಮೊದ್ಲು ಇಂಗಿರ್ನಿಲ್ಲ."

ಕೆಂಪಯ್ಯ ಬಗ್ಗಿಯೂ ನೋಡಲಿಲ್ಲ. "ಬಿಸ್ಲಿಗೆ ಅಂಗ್ ಕಾಣ್ತದೆ. ಓಗು, ಸಾವ್ಕಾರ್ರು ಮಂಡ್ಯದಲ್ಲಿ ಕಾಯ್ತಾವ್ರೆ."

ನಿಂಗಯ್ಯ ಹೋದ. ಮಧ್ಯಾಹ್ನ ಸಾಹುಕಾರ ಪಾರ್ಥಸಾರಥಿಯವರು ಮಂಡ್ಯದಿಂದ ಅವನೊಬ್ಬನನ್ನೇ ಯಲಿಯೂರಿನ ಕಡೆಯ ಕೆಲಸದ ಜಾಗಕ್ಕೆ ನಕ್ಷೆ ಕೊಟ್ಟು ಬರಲು ಕಳಿಸಿದರು. ದಾರಿಯಲ್ಲಿ ಮಳೆ ಕವುಚಿಕೊಂಡಿತು. ವೈಪರ್ ಹಾಕಿದ, ದೀಪ ಹಾಕಿದ. ಬ್ಯಾಟರಿಯಲ್ಲಿದ್ದದ್ದೆಲ್ಲ ಸೋರಿಹೋಗುತ್ತಿತ್ತು, ತುಂಬುವವರು ಯಾರೂ ಇರಲಿಲ್ಲ. ಗೇಟಿಲ್ಲದ ರೈಲ್ವೆ ಕ್ರಾಸಿಂಗಿನ ನಡುಮಧ್ಯೆ ಇಂಜಿನ್ ಒಮ್ಮೆ ಬಿಕ್ಕಳಿಸಿ ನಿಂತಿತು. ಕೀ ತಿರುಗಿಸಿದರೆ ಟಿಕ್ ಎಂಬ ಸದ್ದೂ ಇಲ್ಲ. ಹ್ಯಾಂಡಲ್ ಹಾಕಿ ತಿರುಗಿಸೋಣವೆಂದರೆ ಅಂಥ ಕಾರಿಗೆ ಹ್ಯಾಂಡಲ್ ಹಾಕುವ ತೂತೇ ಇಲ್ಲ. ಇಳಿದು ಒಬ್ಬನೇ ತಳ್ಳಿದ. ಚಕ್ರ ಹಳಿಯ ಸಂದಿನಿಂದ ಏಳಲಿಲ್ಲ. ಸಾಹುಕಾರರ ಕಾರು ಬಿಟ್ಟು ಓಡುವುದು ಹೇಗೆ ಎಂದು ರೈಲು ಕೂಗಿದ ಮೇಲೂ ಇನ್ನೊಮ್ಮೆ ಹೆಗಲು ಕೊಟ್ಟ. ರೈಲು ಗುದ್ದಿದ ಕಾರು ಅವನ ಕಾಲ ಮೇಲೆ ಮಗುಚಿತು. ಜೀವ ಉಳಿಯಿತು. ಬಲಗಾಲನ್ನು ಮಂಡ್ಯದ ಆಸ್ಪತ್ರೆಯಲ್ಲಿ ಅಂದೇ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಸುದ್ದಿ ಕೇಳಿದ ಕೆಂಪಯ್ಯ ಮಾರನೇ ದಿನ ಶೆಡ್ಡು ತೆಗೆಯಲಿಲ್ಲ. ಮೊದಲ ಬಸ್ಸಿಗೆ ಮಂಡ್ಯಕ್ಕೆ ಹೋಗಿ ಪೊಲೀಸ್ ಠಾಣೆಯ ಅಂಗಳದಲ್ಲಿ ನುಜ್ಜಾಗಿ ಬಿದ್ದಿದ್ದ ಕಾರಿನ ಮುಂದೆ ನಿಂತ. ಸಾಹುಕಾರರು ಗಟ್ಟಿಯಾಗಿ ಹೇಳುತ್ತಿದ್ದರು: "ಇದು ವಿದೇಶದ ಗಾಡಿ, ಕೆಡೋದಿಲ್ಲ. ಕೆಟ್ಟಿದ್ದು ಡ್ರೈವರ್ ತಲೆ. ರೈಲು ಕಂಡೂ ನುಗ್ಗಿಸಿದಾನೆ. ಕುಡಿದಿದ್ನೋ ಏನೋ." ಕೇಸು ಕೂಡ ಹಾಗೆಯೇ ತಯಾರಾಗಿತ್ತು. ಕಾಲು ಹೋದವನಿಗೆ ಇನ್ನು ಜೈಲು ಕಾದಿತ್ತು.

ವಿಮೆಯವರ ಕಡೆಯಿಂದ ಬಂದಿದ್ದ ಮೆಕಾನಿಕ್ ಕಸ್ತೂರಿರಂಗ ಆ ಗುಂಡನೆಯದನ್ನು ಬಿಚ್ಚಿ ಕೂತಿದ್ದ.

"ಇದು ಡೈನಮೋ ಅಲ್ಲ, ಆಲ್ಟರ್ನೇಟರ್. ಒಳಗೆ ಗುಂಡಿಯಷ್ಟಷ್ಟೇ ಡಯೋಡುಗಳಿರ್ತವೆ, ಕರೆಂಟನ್ನ ಬ್ಯಾಟರಿಗೆ ದಾಟಿಸೋವು. ಕಿಡಿ ಹೊಡೆಸಿದ್ರೆ ಅಲ್ಲೇ ಸತ್ತುಹೋಗ್ತವೆ. ನೋಡಿ, ಎಲ್ಲ ಸತ್ತಿವೆ. ಆಮೇಲೆ ಗಾಡಿ ಓಡೋದೆಲ್ಲ ಬ್ಯಾಟರಿ ಮೇಲೆ. ಯಾರೋ ಕಿಡಿ ನೋಡಿದಾರೆ."

"ಸತ್ರೆ ಒರ್ಗಡೆ ಗೊತ್ತಾಗಕಿಲ್ವ?" ಎಂದ ಕೆಂಪಯ್ಯ.

"ಡ್ಯಾಶಲ್ಲಿ ಕೆಂಪು ದೀಪ ಮಂಕಾಗಿ ಉರಿಯುತ್ತೆ. ನೋಡೋ ಕಣ್ಣಿದ್ರೆ ಸಾಕು."

ದೀಪದ ಮಾತು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಆಸ್ಪತ್ರೆಯಲ್ಲಿ ಬಿದ್ದಿದ್ದ. ಇನ್ನೊಬ್ಬ ಈಗ ಸುಮ್ಮನೆ ಬಸ್ಸು ಹತ್ತಿದರೆ ನಾಳೆಯೂ ಅದೇ ಶೆಡ್ಡು, ಅದೇ ಹೆಸರು. ಕೆಂಪಯ್ಯ ಗೇಟಿನವರೆಗೂ ನಡೆದ. ಅಲ್ಲಿ ಬಹಳ ಹೊತ್ತು ನಿಂತ. ಆಮೇಲೆ ತಿರುಗಿ ಬಂದು, ಕೇಸು ಬರೆಯುತ್ತ ಕೂತಿದ್ದ ಠಾಣೆಯ ರೈಟರ್ ಅನಂತರಾಮು ಅವರ ಮೇಜಿನ ಮುಂದೆ ನಿಂತ.

"ಸ್ವಾಮಿ, ಕಿಡಿ ನೋಡಿದ್ದು ನಾನು."

ಅನಂತರಾಮು ತಲೆ ಎತ್ತಿದರು. "ಊರಲ್ಲಿರೋ ಮೆಕಾನಿಕ್‌ಗಳೆಲ್ಲ ನೋಡ್ತಾರಲ್ಲಯ್ಯ. ಯಾವ ಸೆಕ್ಷನ್ ಹಾಕ್ಲಿ ನಿಂಗೆ? ಹೋಗು."

"ಸೆಕ್ಸನ್ನು ನೀವು ಬಲ್ರಿ. ದೀಪ ಉರೀತೈತೆ ಅಂತ ನಿಂಗ ಕೂಗುದ್ದ. ನಾನು ನೋಡ್ದೇನೆ ಓಗು ಅಂದೆ. ಅವ್ನು ಕುಡುದಿರ್ನಿಲ್ಲ. ಅಷ್ಟನ್ನೂ ಬರೀರಿ."

"ಬರೆದ್ರೆ ನಿನ್ನ ಮೇಲೇ ಬರುತ್ತಯ್ಯ. ಇನ್ಮೇಲೆ ನಿನ್ ಶೆಡ್ಡಿಗೆ ಯಾವನ್ ಗಾಡಿ ತರ್ತಾನೆ?"

"ಬರೀರಿ ಸ್ವಾಮಿ."

ಬರೆದರು. ಓದಿ ಹೇಳಿದರು. ಕೆಂಪಯ್ಯ ಸಹಿ ಹಾಕಿದ.

ಸಂಜೆ ಆಸ್ಪತ್ರೆಗೆ ಹೋದ. ನಿಂಗಯ್ಯನ ಮೈಮೇಲೆ ಹೊದಿಕೆ ಇತ್ತು. ಒಂದು ಕಡೆ ಅದು ತೊಡೆಯ ಕೆಳಗೇ ಚಪ್ಪಟೆಯಾಗಿತ್ತು. ಕೆಂಪಯ್ಯ ಎಲ್ಲವನ್ನೂ ಹೇಳಿದ. ನಿಂಗಯ್ಯ ಸೂರು ನೋಡುತ್ತಲೇ ಕೇಳಿದ.

"ದೀಪದ್ ಇಸ್ಯನೂ ಬರುಸ್ದಾ?"

"ಬರುಸ್ದೆ."

"ನಿನ್ ಮಾತ್ ನಂಬುದ್ನಲ್ಲೋ," ಎಂದು ಮುಖವನ್ನು ಗೋಡೆಗೆ ತಿರುಗಿಸಿದ. "ಓಗ್ಲಾ. ನನ್ ಕಣ್ಮುಂದೆ ನಿಲ್ಬ್ಯಾಡ."

ಬಾಗಿಲಾಚೆ ನಿಂಗಯ್ಯನ ಹೆಂಡತಿ ಇಂದ್ರಮ್ಮ ನಿಂತಿದ್ದಳು. ಒಳಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಸಾವ್ಕಾರ್ರು ಎದ್ರುಸುದ್ರೆ ನಾಳೆ ಕೋರ್ಟ್ನಾಗೆ ಮಾತ್ ತಿರುಗುಸ್ತೀಯಾ?"

"ಇಲ್ಲ ಕಣಮ್ಮ."

"ಬಾಯ್ಮಾತು ಬ್ಯಾಡ. ಸತ್ಯ ಮಾಡು."

ಅವಳು ಅಂಗೈ ಚಾಚಿದಳು. ಕೆಂಪಯ್ಯ ವರ್ಷಗಳ ಗ್ರೀಸು ಕೂತ ತನ್ನ ಕೈಯನ್ನು ಪಂಚೆಗೆ ಒರೆಸಿಕೊಂಡ, ಅವಳ ಅಂಗೈಯ ಮೇಲೆ ಇಟ್ಟು ಒತ್ತಿದ.