ಮೂವತ್ತಕ್ಕೆ ಹತ್ತು ಅಂಕ ಪಡೆದ ರೈ ವಿಸ್ಕಿ

2024ರ ನವೆಂಬರ್ 16, ಶನಿವಾರ, ಸಂಜೆ 5 ಗಂಟೆ 10 ನಿಮಿಷ. ಹೊಸಪೇಟೆಯ ನಮ್ಮ ಮಾವನ ಮನೆಯ ಮಾಳಿಗೆ.

ಹಂಪಿಯಲ್ಲಿ ನನ್ನದು ಬಾಡಿಗೆ ಸೈಕಲ್ ಅಂಗಡಿ. ಯಾವ ಸೈಕಲ್ಲಿನ ಬ್ರೇಕಿಗೆ ಹತ್ತಕ್ಕೆ ಎಷ್ಟು ಎಂದು ದಿನವೂ ಡೈರಿಯಲ್ಲಿ ಬರೆದಿಡುತ್ತೇನೆ. ಅದನ್ನು ನೋಡಿ ನಕ್ಕ ಹ್ಯಾನಾ ಎಂಬ ಅಮೆರಿಕದ ಪ್ರವಾಸಿ, "ಹಾಗಾದರೆ ಇದಕ್ಕೂ ಅಂಕ ಕೊಡಿ" ಎಂದು ಪುಟ್ಟ ಬಾಟಲಿಯೊಂದನ್ನು ಕೊಟ್ಟಿದ್ದರು. ಗೋಧಿಯನ್ನು ಹೋಲುವ ರೈ ಎಂಬ ಧಾನ್ಯದಿಂದ ಅವರೇ ತಯಾರಿಸಿದ ಮೊದಲ ವಿಸ್ಕಿ ಅದು. ಮರದ ಪೀಪಾಯಿಯಲ್ಲಿ ಅದು ಮಾಗಿದ್ದು ಒಂದೇ ವರ್ಷ. ಪೀಪಾಯಿಗಳನ್ನೆಲ್ಲ ಮಾರಿ ಈ ಕೆಲಸವನ್ನೇ ಬಿಟ್ಟುಬಿಡೋಣ ಎಂದು ಅವರ ಅಣ್ಣ ಹಟ ಹಿಡಿದಿದ್ದರಂತೆ. ಅದೇ ಶನಿವಾರ ಸಂಜೆ ಏಳಕ್ಕೆ ಹ್ಯಾನಾ ಅಣ್ಣನಿಗೆ ಉತ್ತರ ಹೇಳಬೇಕಿತ್ತು. "ಎಲ್ಲರೂ ದಾಕ್ಷಿಣ್ಯಕ್ಕೆ ಒಂಬತ್ತು ಕೊಡುತ್ತಾರೆ. ನೀವು ನಿಜ ಹೇಳಿ" ಎಂದಿದ್ದರು.

ರುಚಿ ನೋಡುವವರು ಮೂವರು: ನಾನು, ದೋಣಿಮಲೈ ಗಣಿಯಿಂದ ನಿವೃತ್ತರಾದ ಮಾವ, ಟಿ.ಬಿ. ಡ್ಯಾಂ ಕಾಲುವೆ ಕಚೇರಿಯ ಗೆಳೆಯ ಮಂಜ. ನಮ್ಮ ಕಡೆ ನಾಲ್ಕು ಜನ ಕೂತರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಂಬ ಮೆಣಸಿನಕಾಯಿ ಬಜ್ಜಿ ಬರಲೇಬೇಕು. ಅತ್ತೆ ಬಿಸಿಬಿಸಿ ತಂದಿಟ್ಟರು. ಒಂದು ಮಿರ್ಚಿ, ಒಂದು ಗುಟುಕು, ಮತ್ತೊಂದು ಮಿರ್ಚಿ.

ಮಾವ ಕಣ್ಣೊರೆಸಿಕೊಂಡರು. "ಏನಲೇ ಇದು, ಗಂಟಲಾಗ ಬೆಂಕಿ ಹಚ್ಚಿದಂಗ ಆತು! ಮೂರು ಬರ್ಕೋ."

"ಭಾಳ ಖಾರ ಐತಿ ಮಾವಾ. ಪಾಪ, ದೂರದಿಂದ ಬಂದಾರ, ನಾಕು ಇರ್ಲಿ," ಎಂದ ಮಂಜ.

ನಾನೂ ಮೂರು ಬರೆದೆ. ಒಟ್ಟು ಮೂವತ್ತಕ್ಕೆ ಹತ್ತು. 5.50ಕ್ಕೆ ಹ್ಯಾನಾಗೆ ಮೆಸೇಜ್ ಕಳಿಸಿದೆ. "ಥ್ಯಾಂಕ್ಸ್. ಅಣ್ಣ ಹೇಳಿದ್ದೇ ಸರಿ ಇರಬೇಕು" ಎಂದು ಉತ್ತರ ಬಂತು. ಓದಿ ಹೇಳಿದೆ.

ತಟ್ಟೆ ಎತ್ತಲು ಬಂದ ಅತ್ತೆ ಉಳಿದಿದ್ದ ತೊಟ್ಟುಗಳನ್ನು ನೋಡಿದರು. "ಹನ್ನೊಂದು ಮಿರ್ಚಿ ತಿಂದು ಆ ಹುಡುಗಿ ವಿಸ್ಕಿ ಖಾರ ಅಂತೀರಲ್ರಿ! ಇವತ್ತಿನ ಮೆಣಸಿನಕಾಯಿ ಸೀಳುವಾಗ್ಲೇ ನನ್ನ ಕೈ ಉರೀತಿದ್ವು. ನೀವು ನಂಬರ್ ಕೊಟ್ಟಿದ್ದು ನನ್ನ ಮಿರ್ಚಿಗೆ."

"ಹಂಗಂದ್ರ ನಿನಗ ಬರೇ ಮೂರು ಕೊಟ್ಟಂಗಾತು," ಎಂದರು ಮಾವ.

"ನಗಬ್ಯಾಡ್ರಿ. ಬಾಯಿ ಮುಕ್ಕಳಿಸ್ರಿ ಮೊದ್ಲು. ಜಲ್ದಿ!"

ಮಜ್ಜಿಗೆ ಕುಡಿದು, ಒಣ ಮಂಡಕ್ಕಿ ತಿಂದು ಅರ್ಧ ಗಂಟೆ ಕಾದೆವು. 6.35ಕ್ಕೆ ಮತ್ತೆ ಒಂದೊಂದು ಗುಟುಕು, ನಾಲ್ಕು ಹನಿ ನೀರು ಬೆರೆಸಿ. ಈ ಸಲ ಹುರಿದ ಕಾಳಿನ ಪರಿಮಳ ಬಂತು, ಹಿಂದೆಯೇ ತೆಳು ಸಿಹಿ, ಕೊನೆಗೆ ಹಸಿ ಕಟ್ಟಿಗೆಯ ವಾಸನೆ. ಮಾವ ಏಳು, ಮಂಜ ಏಳು, ನಾನು ಆರು. ಒಟ್ಟು ಇಪ್ಪತ್ತು.

"ಇನ್ನಾ ಎಳೇದೈತಿ. ಆದ್ರ ಕೈ ಬಿಡಬ್ಯಾಡ ಅಂತ ಹೇಳು ಆಕಿಗೆ," ಎಂದರು ಮಾವ.

6.48ಕ್ಕೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಮಿರ್ಚಿ ಎಂದರೇನು ಎಂದು ವಿವರಿಸುವುದಕ್ಕೇ ಎರಡು ನಿಮಿಷ ಹಿಡಿಯಿತು. ಹ್ಯಾನಾ ಜೋರಾಗಿ ನಕ್ಕರು. "ಹತ್ತು ಎಂದು ದಾಕ್ಷಿಣ್ಯವಿಲ್ಲದೆ ಹೇಳಿದವರು ಈಗ ಇಪ್ಪತ್ತು ಎಂದರೆ ನಾನು ನಂಬುತ್ತೇನೆ." ಪೀಪಾಯಿಗಳು ಮಾರಾಟವಾಗಲಿಲ್ಲ. ಇನ್ನೂ ಎರಡು ವರ್ಷ ಹಾಗೇ ಇಡುತ್ತಾರಂತೆ.

ನಾನು ಬರೆದ ಮೊದಲ ಅಂಕದಲ್ಲಿ ಸುಳ್ಳಿರಲಿಲ್ಲ, ಆದರೂ ಅದು ತಪ್ಪಾಗಿತ್ತು. ಇನ್ನು ಹನ್ನೆರಡು ನಿಮಿಷ ತಡವಾಗಿದ್ದರೆ ಪೀಪಾಯಿಗಳು ಕೈಬಿಟ್ಟು ಹೋಗುತ್ತಿದ್ದವು.

ಒಂದು ಸಂಶಯ ಮಾತ್ರ ಉಳಿದಿದೆ. ಬಾಯಿ ತೊಳೆದ ಮೇಲೂ ನಾಲಗೆಯ ತುದಿಯಲ್ಲಿ ಕಾಳುಮೆಣಸಿನಂಥ ಚುರುಕು ಇತ್ತು. ಅದು ರೈ ಕಾಳಿನ ಗುಣವೋ, ಮಿರ್ಚಿಯ ಶೇಷವೋ? ಮನೆಯಲ್ಲಿ ಇನ್ನೂ ವಾದ ನಡೆದಿದೆ. ಬಲ್ಲ ಓದುಗರು ದಯವಿಟ್ಟು ಬರೆದು ತಿಳಿಸಿ.